ಇಪ್ಪತ್ತೇಳನೆಯ ಭಾಷೆ

ಈ ಊರಿಗೆ ಸತ್ತವರು ಬರುವುದು ಬೆಳಿಗ್ಗೆ. ಗುಡ್ಡದ ಕಡೆಯ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬರೋ ಇಬ್ಬರೋ ಹೊರಗೆ ನಿಂತಿರುತ್ತಾರೆ, ಹಾಲಿಗೆ ಬಂದವರ ಹಾಗೆ. ಕಾವಲಿನವರು ಸೊಂಟಕ್ಕೆ ಹಗ್ಗ ಬಿಗಿದು ಹಳೆಯ ಸುಂಕದ ಕಟ್ಟಡದ ಅಂಗಳಕ್ಕೆ ತರುತ್ತಾರೆ. ಆಮೇಲೆ ಭಾಷೆ ಹುಡುಕುವ ಕೆಲಸ. ಸತ್ತವರಿಗೆ ಕೇಳಿಸುವುದು ಒಂದೇ ಭಾಷೆ, ಚಿಕ್ಕಂದಿನಲ್ಲಿ ತಾಯಿ ಬೈದ ಭಾಷೆ. ಬೇರೆ ಯಾವುದರಲ್ಲಿ ಗಂಟಲು ಹರಿದುಕೊಂಡರೂ ಗೋಡೆಗೆ ಹೇಳಿದಂತೆ. ತಮ್ಮದು ಕಿವಿಗೆ ಬಿದ್ದರೆ ತಲೆ ವಾಲಿಸುತ್ತಾರೆ, ಹೇಳಿದ್ದನ್ನು ಮಾಡುತ್ತಾರೆ, ಇನ್ನೊಂದು ಹೇಳುವವರೆಗೂ ಅದನ್ನೇ ಮಾಡುತ್ತಿರುತ್ತಾರೆ. ಬಾಯಿಪಾಠ ಮಾಡಿ ಒಪ್ಪಿಸಿದ ಮಾತು ನಡೆಯುವುದಿಲ್ಲ, ಊರಿನವರು ಪ್ರಯತ್ನಿಸಿ ನೋಡಿದ್ದಾರೆ. ಹೇಳುವವರ ಮನಸ್ಸಿನಲ್ಲಿ ಇಲ್ಲದ್ದು ಅವರಿಗೆ ನಾಟುವುದೇ ಇಲ್ಲ. ಈ ಕಿವಿ ಇರುವುದೂ ಬಾಗಿಲಿಗೆ ಬಂದ ದಿನದಿಂದ ಒಂಬತ್ತು ದಿನ. ಅದು ಕಳೆದ ಮೇಲೆ ಉಳಿಯುವುದು ಕಚ್ಚುವ ಹಲ್ಲು ಮಾತ್ರ. ಅಷ್ಟರೊಳಗೆ ಅವರ ಭಾಷೆಯವರೊಬ್ಬರು ಕೈ ಹಿಡಿದು ಸಮುದ್ರದ ಕಲ್ಲುದಾರಿಯಲ್ಲಿ ನಡೆಸಿಕೊಂಡು ಹೋಗಿ, ಇಳಿತದ ಹೊತ್ತಿಗೆ ಮೇಲೇಳುವ ಮರಳದಿಬ್ಬದ ತುದಿಯಲ್ಲಿ ನಿಲ್ಲಿಸಿ, ಮುಂದಕ್ಕೆ ಹೋಗೆಂದು ಹೇಳಿ ಬರಬೇಕು. ಭಾಷೆ ಸಿಗದವರನ್ನು ಈಟಿಯವರು ಅಂಗಳದಲ್ಲೇ ಮುಗಿಸುತ್ತಾರೆ. ಅದು ನೋಡುವಂಥದ್ದಲ್ಲ.

ಕಳಿಸುವವರ ಪಟ್ಟಿ ಮೀನು ಮಾರುಕಟ್ಟೆಯ ಗೋಡೆಯ ಮೇಲಿದೆ. ಮೂವತ್ತೊಂದು ಭಾಷೆ, ಎದುರಿಗೆ ಒಂದೊಂದು ಹೆಸರು. ಇಪ್ಪತ್ತೇಳನೆಯದು ಕನ್ನಡ, ಎದುರಿಗೆ ಇಂದುಮತಿ, ಅಂದರೆ ನಾನು. ಪಟ್ಟಿ ನೋಡಿಕೊಳ್ಳುವ ಮಿರೇಲಾ ಎಂಬಾಕೆ ಅದನ್ನು ಬರೆಯುವಾಗ ನನ್ನಿಂದ ನಾಲ್ಕು ಸಲ ಹೇಳಿಸಿಕೊಂಡು, ಕೊನೆಗೂ ತಪ್ಪೇ ಬರೆದಳು. ಈ ಊರಿನವರ ಭಾಷೆಯ ಮುಂದೆ ಕಳಿಸಿದ ಲೆಕ್ಕದ ಗೀಟುಗಳು ಗೋಡೆಯ ಅಂಚು ಮುಟ್ಟಿವೆ. ನನ್ನ ಸಾಲು ಒಂಬತ್ತು ವರ್ಷ ಬೋಳಾಗಿಯೇ ಇತ್ತು. ಬಟ್ಟೆ ಒಗೆಯುವ ಮನೆಯಲ್ಲಿ ನನಗೆ ಕೆಲಸ, ಅಲ್ಲಿಂದ ಹೋಗುತ್ತ ಬರುತ್ತ ಆ ಸಾಲನ್ನು ನೋಡುತ್ತಿದ್ದೆ. ನಮ್ಮ ಕಡೆಯವರು ಯಾರಾದರೂ ಸತ್ತು ಬರಲಿ ಎಂದು ಹಾರೈಸುವುದು ಒಳ್ಳೆಯವರ ಲಕ್ಷಣವೇ? ಅಲ್ಲ. ಆದರೂ ಹಾರೈಸಿದ್ದೇನೆ. ಒಂದು ಜೀವದ ಹತ್ತಿರವಾದರೂ, ಜೀವವಿಲ್ಲದಿದ್ದರೂ ಸರಿ, ಕನ್ನಡದಲ್ಲಿ ಮಾತಾಡಬೇಕು ಎಂದು ಅಷ್ಟು ಆಸೆಯಿತ್ತು.

ನಾನು ಇಲ್ಲಿಗೆ ಬಂದ ಕಥೆ ಕೇಳಿದರೆ ನಗು ಬರುತ್ತದೆ. ನನ್ನದು ಟೀವಿ ಧಾರಾವಾಹಿಗಳಲ್ಲಿ ಪ್ರಾಂಪ್ಟಿಂಗ್ ಕೆಲಸ. ಕಲಾವಿದರಿಗೆ ದಿನಕ್ಕೆ ಇಪ್ಪತ್ತು ಪುಟದ ಮಾತು ಕಂಠಪಾಠ ಮಾಡಲು ಪುರಸೊತ್ತೆಲ್ಲಿ? ಕ್ಯಾಮೆರಾ ಪಕ್ಕದಲ್ಲಿ ಕೂತು ನಾನು ಓದುತ್ತೇನೆ, ಅವರು ಕೇಳಿಸಿಕೊಂಡು ನಟಿಸುತ್ತಾರೆ, ನನ್ನ ದನಿಯನ್ನು ಆಮೇಲೆ ಅಳಿಸಿ ಡಬ್ಬಿಂಗ್ ಮಾಡುತ್ತಾರೆ. ಹತ್ತೊಂಬತ್ತು ವರ್ಷ ದುಡಿದರೂ ನನ್ನ ಒಂದು ಮಾತೂ ಟೀವಿಯಲ್ಲಿ ಬಂದಿಲ್ಲ. ನಾವು ಮಾಡುತ್ತಿದ್ದದ್ದು ಸತ್ತವರು ಎದ್ದು ಬರುವ ಧಾರಾವಾಹಿ. ನಾಲ್ಕು ವರ್ಷ ಚೆನ್ನಾಗಿ ಓಡಿತು. ಬಾಗಲಕೋಟೆಯಿಂದ ಚಾಮರಾಜನಗರದವರೆಗೆ ಕಲ್ಲುಗಣಿಗಳಲ್ಲೆಲ್ಲ ಸತ್ತವರನ್ನು ಓಡಾಡಿಸಿ ಮುಗಿಸಿದ ಮೇಲೆ, ಚಾನೆಲ್‌ನವರಿಗೆ ಅದರದೇ ಒಂದು ಕವಲು ಬೇಕಾಯಿತು. ನಾಯಕಿಯ ತಂಗಿ ವಿದೇಶದಲ್ಲಿದ್ದಾಳೆ, ಅಲ್ಲಿಯೂ ಸತ್ತವರು ಏಳುತ್ತಾರೆ, ಅವಳನ್ನು ಹುಡುಕಿಕೊಂಡು ಅಪ್ಪ ಬರುತ್ತಾನೆ. ಕಥೆ ಇಷ್ಟೇ. ಹದಿನಾಲ್ಕು ಜನ ವಿಮಾನ ಹತ್ತಿ ಈ ಸಮುದ್ರದಂಡೆಗೆ ಬಂದೆವು. ಶೂಟಿಂಗ್ ಶುರುವಾದ ಆರನೆಯ ದಿನ ಗುಡ್ಡದಿಂದ ಹದಿನೈದು ಇಪ್ಪತ್ತು ಜನ ಇಳಿದು ಬಂದರು. ನಮ್ಮ ನಿರ್ದೇಶಕರು ಮಾನಿಟರಿನಿಂದ ತಲೆ ಎತ್ತಿ, "ಈ ಜೂನಿಯರ್ ಆರ್ಟಿಸ್ಟ್‌ಗಳಿಗೆ ಮೇಕಪ್ ಮಾಡಿದ್ದು ಯಾರ್ರೀ? ಇಷ್ಟು ದಿನ ಎಲ್ಲಿ ಹೋಗಿತ್ತು ಈ ಕೆಲಸ?" ಎಂದರು. ಮೇಕಪ್‌ನವನು ಅದು ತನ್ನ ಕೈವಾಡವಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ಶಾಟ್ ಅರ್ಧ ಆಗುವಷ್ಟರಲ್ಲಿ ಎಲ್ಲರಿಗೂ ಗೊತ್ತಾಯಿತು.

ಓಡುವ ಗಡಿಬಿಡಿಯಲ್ಲಿ ಲೈಟಿನ ಸ್ಟ್ಯಾಂಡ್ ನನ್ನ ಕಾಲ ಮೇಲೆ ಬಿದ್ದು ಪಾದದ ಮೂಳೆ ಮುರಿಯಿತು. ಮುಂದಿನ ವಾರ ಒಂದಷ್ಟು ಜನ ಮೀನು ದೋಣಿ ಹತ್ತಿದರು, ಇನ್ನೊಂದಷ್ಟು ಜನ ರಾಜಧಾನಿಯಲ್ಲಿ ವಿಮಾನವಿದೆಯಂತೆ ಎಂಬ ಸುದ್ದಿ ನಂಬಿ ವ್ಯಾನ್ ಹತ್ತಿದರು. ನಾನು ಮಂಚದ ಮೇಲೆ ಉಳಿದೆ. ಯಾರನ್ನೂ ದೂರುತ್ತಿಲ್ಲ. ಆದರೆ ಹೊರಡುವ ಮೊದಲು ಮಂಚದವರೆಗೆ ಬಂದವರು ಒಬ್ಬರೇ, ವ್ಯಾನ್ ಹತ್ತಿದ ಹೊಂಬಳ ಸರ್.

ವೀರಭದ್ರಪ್ಪ ಹೊಂಬಳ, ಗದಗಿನ ಕಡೆಯವರು. ಕಂಪನಿ ನಾಟಕದಲ್ಲಿ ಮೂವತ್ತು ವರ್ಷ ಬಣ್ಣ ಹಚ್ಚಿ ಅರವತ್ತರ ಹತ್ತಿರ ಟೀವಿಗೆ ಬಂದಿದ್ದರು. ಧಾರಾವಾಹಿಯಲ್ಲಿ ಮಗಳನ್ನು ಹುಡುಕುವ ಅಪ್ಪ ಅವರೇ. ನಿಜ ಹೇಳಬೇಕೆಂದರೆ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒಂದಕ್ಷರ ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ. "ಅಕ್ಕಾರ, ಒಂದೀಟು ಜೋರಂಗ ಹೇಳ್ರಿ. ಕಿವಿಗೆ ಬಿದ್ರ ನಾಲಿಗಿಗೆ ತಾನ ಬರ್ತೈತಿ" ಎನ್ನುವರು. ಒಮ್ಮೆ ನಾನು ರೇಗಿ, "ಸರ್, ಇಲ್ಲಿ ಬರೀ ಹೂಂ ಅಂತ ಇದೆ, ಅದಕ್ಕೂ ನಾನು ಹೇಳಿಕೊಡಬೇಕಾ?" ಎಂದಿದ್ದೆ. ಅವರು ಬೇಜಾರಿಲ್ಲದೆ, "ಅದ ಹೂಂ ಹೆಂಗ ಅನ್ನಬೇಕು ಹೇಳ್ರಿ. ಸಿಟ್ಟಿನ ಹೂಂ ಏನ, ಬ್ಯಾಸರದ ಹೂಂ ಏನ?" ಎಂದರು. ಇಡೀ ಸೆಟ್ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ಆ ದಿನ ಊಟ ಬಿಟ್ಟೆ.

ಒಂಬತ್ತು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಿರೇಲಾ ಒಗೆಯುವ ಮನೆಗೆ ಬಂದಳು. ನಾನು ಸೋಪಿನ ಬಾನಿಯಲ್ಲಿ ಮೊಣಕೈವರೆಗೆ ಇಳಿದಿದ್ದೆ. "ನಿನ್ನೆ ಒಬ್ಬ ಬಂದಿದ್ದಾನೆ. ಇಪ್ಪತ್ತಾರು ಭಾಷೆ ಆಯಿತು, ಯಾವುದಕ್ಕೂ ತಿರುಗಲಿಲ್ಲ. ನಿನ್ನ ಬಣ್ಣದವನು. ಬಂದು ನೋಡು" ಎಂದಳು. ಅವಳ ಭಾಷೆಯಲ್ಲಿ ಮರ್ಯಾದೆಯ ಬಹುವಚನವಿಲ್ಲ, ರಾಜನಿಗೂ ನಾಯಿಗೂ ಒಂದೇ. ಕೈ ಒರೆಸಿಕೊಳ್ಳದೆ ಓಡಿದೆ.

ಅಂಗಳದ ಕಂಬಕ್ಕೆ ಕಟ್ಟಿದ್ದರು. ಗಡ್ಡ ಬೆಳೆದಿತ್ತು, ಮೈ ಅರ್ಧಕ್ಕಿಳಿದಿತ್ತು, ಆದರೆ ನಿಂತ ಭಂಗಿ ಬದಲಾಗಿರಲಿಲ್ಲ. ಎದೆ ಮುಂದೆ, ಒಂದು ಕಾಲು ತುಸು ಹಿಂದೆ, ಎದುರಿಗೆ ಸಾವಿರ ಜನ ಕೂತಿದ್ದಾರೆ ಎನ್ನುವಂತೆ. ಹೊಂಬಳ ಸರ್. ಹೆಸರು ಹಿಡಿದು ಕರೆಯಬೇಕಿತ್ತು. ಒಂಬತ್ತು ವರ್ಷ ಕನ್ನಡದಲ್ಲಿ ಯಾರನ್ನೂ ಕರೆಯದ ಗಂಟಲಿನಿಂದ ಬಂದದ್ದು ಧಾರಾವಾಹಿಯ ಡೈಲಾಗ್. "ಮಗಳೇ, ನೀನು ಯಾವ ನೆಲದಲ್ಲಿದ್ದರೂ ಈ ತಂದೆಯ ಕರೆ ನಿನ್ನನ್ನು ಮುಟ್ಟುತ್ತದೆ." ಅವರು ಅಲ್ಲಾಡಲಿಲ್ಲ. ಈಟಿಯವರಲ್ಲಿ ಒಬ್ಬ ಕಾಲು ಬದಲಿಸಿ ನಿಂತ. ನನಗೆ ನನ್ನ ಮೇಲೇ ಸಿಟ್ಟು ಬಂತು. ಅದು ಬಾಯಿಪಾಠದ ಮಾತು, ಯಾವಾಗ ನನ್ನದಾಗಿತ್ತು, ಯಾವಾಗ ಅವರದಾಗಿತ್ತು? ಹತ್ತಿರ ಹೋಗಿ, ಅವರ ಕಡೆಯವರು ಹೇಗೆ ಕೇಳುತ್ತಾರೋ ಹಾಗೆ, "ಬರ್ರಿ ಸರ, ಊಟ ಆತೇನ್ರಿ?" ಎಂದೆ.

ತಲೆ ನನ್ನ ಕಡೆ ವಾಲಿತು. ಒಂದು ಹೆಜ್ಜೆ ಬಂದರು, ಹಗ್ಗ ಬಿಗಿಯಿತು. ನಾನು ನೆಲದ ಮೇಲೆ ಕೂತು ಅತ್ತೆ. ಮಿರೇಲಾ ಅವರ ಕೋಟು ಮುಟ್ಟಿ ನೋಡಿದಳು. ಕುರಿಯ ಉಣ್ಣೆಯದು, ತೋಳಿಗೆ ಬೂಟಿನ ದಾರದಲ್ಲಿ ತೇಪೆ ಹಾಕಿಕೊಂಡಿದ್ದರು. "ಇದು ಗುಡ್ಡದಾಚೆಯ ಕುರಿದೊಡ್ಡಿಗಳ ಕುರುಬರು ತೊಡುವ ಕೋಟು. ಇವನು ಸತ್ತು ವಾರವೂ ಆಗಿಲ್ಲ. ಅಲ್ಲೇ ಇದ್ದಿರಬೇಕು, ಇಷ್ಟು ವರ್ಷ" ಎಂದಳು. ಎಷ್ಟು ದೂರ ಎಂದು ಕೇಳಿದೆ. ಎರಡು ದಿನದ ದಾರಿ ಎಂದಳು.

ಎರಡು ದಿನದ ದಾರಿ. ನಾನಿಲ್ಲಿ ಚಾದರ ಹಿಂಡುತ್ತ ಒಬ್ಬಳೇ ವಟಗುಟ್ಟುತ್ತಿದ್ದೆ, ಅವರಲ್ಲಿ ಕುರಿಗಳಿಗೆ ಏನು ಹೇಳುತ್ತಿದ್ದರೋ. ನಡುವೆ ಒಂದು ಗುಡ್ಡ, ಅಷ್ಟೇ. ಮುರಿದ ಕಾಲು ಎರಡು ತಿಂಗಳಲ್ಲಿ ಕೂಡಿಕೊಂಡಿತ್ತು. ಆ ಗುಡ್ಡ ಹತ್ತಿ ನೋಡಬೇಕೆಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಈ ಸಂಕಟಕ್ಕೆ ಯಾರನ್ನು ಬೈಯಲಿ?

ಕಳಿಸುವವರು ತಮ್ಮವರನ್ನು ಗಡುವಿನವರೆಗೆ ಇಟ್ಟುಕೊಳ್ಳಬಹುದು. ಹೆಚ್ಚಿನವರು ಒಂದು ದಿನ ಇಟ್ಟುಕೊಂಡು ಸಾಕೆನ್ನುತ್ತಾರೆ. ನಾನು ಒಂದು ಗಳಿಗೆಯನ್ನೂ ಬಿಡುವುದಿಲ್ಲ ಎಂದೆ. ಒಗೆಯುವ ಮನೆಯ ಹಿತ್ತಿಲಿನ ಕಬ್ಬಿಣದ ಬಳೆಗೆ ಅವರ ಹಗ್ಗ ಕಟ್ಟಿ, ನೆರಳಿಗೆ ಒಂದು ಚಾದರ ಇಳಿಬಿಟ್ಟು, ಬಟ್ಟೆ ಕುಕ್ಕುತ್ತ ಮಾತಾಡಲು ಕೂತೆ. ಏನು ಮಾತಾಡಿದೆ ಎಂದರೆ ಹೇಳಲು ನಾಚಿಕೆ. ದೊಡ್ಡ ವಿಷಯ ಒಂದೂ ಇಲ್ಲ. ತಿಪಟೂರಿನಲ್ಲಿ ನಮ್ಮ ಮನೆಯ ಎದುರಿಗಿದ್ದ ಹಿಟ್ಟಿನ ಗಿರಣಿಯವನು ನನ್ನನ್ನು ನೋಡಲು ಬಂದು ನನ್ನ ಅಕ್ಕನನ್ನು ಒಪ್ಪಿಕೊಂಡು ಹೋದದ್ದು. ಇಲ್ಲಿನ ಹುಳಿ ಸೊಪ್ಪಿನಲ್ಲಿ ಮಸೊಪ್ಪು ಮಾಡಲು ಹೋಗಿ ಮೂರು ದಿನ ಹೊಟ್ಟೆ ಕೆಟ್ಟದ್ದು. "ನೋಡಿ ಸರ್, ಇವರು ಅನ್ನಕ್ಕೆ ಸಕ್ಕರೆ ಹಾಕ್ಕೊಂಡು ತಿಂತಾರೆ, ಯಾರಿಗೆ ಹೇಳೋಣ ಇದನ್ನ?" ಎಂದರೆ ಅವರ ತಲೆ ವಾಲುತ್ತಿತ್ತು. ಆ ವಾಲುವಿಕೆಯೇ ನನಗೆ ಸಾಕಾಗಿತ್ತು.

ಕಳೆದುಹೋದ ಮಾತುಗಳು ಒಂದೊಂದಾಗಿ ಬಂದವು. ಒಬ್ಬಳೇ ಇದ್ದಾಗ ಎಷ್ಟು ತಡಕಿದರೂ ಸಿಗದೆ ಇದ್ದವು ಇವರೆದುರಿಗೆ ತಾವಾಗಿ ಬಾಯಿಗೆ ಬಂದವು. ಮೂರನೆಯ ದಿನ, ಬಾವಿಗೆ ಬಿದ್ದ ಕೊಡವನ್ನು ಎತ್ತುವ ಕೊಕ್ಕೆಗಳ ಗೊಂಚಲಿಗೆ ಏನನ್ನುತ್ತಿದ್ದೆವು ಎಂದು ಯೋಚಿಸುತ್ತಿದ್ದಾಗ "ಪಾತಾಳಗರಡಿ!" ಎಂದು ಕಿರುಚಿದೆ. ಜೊತೆಗೆ ಒಗೆಯುತ್ತಿದ್ದ ಹೆಂಗಸರು ಬೆಚ್ಚಿ ಸೋಪು ಕೆಡವಿದರು. ನಾನು ಆ ಪದವನ್ನು ದಿನವಿಡೀ ಹೇಳಿಕೊಂಡೆ. ಐದನೆಯ ದಿನ ಅವರ ಬಳಿ ಕ್ಷಮೆ ಕೇಳಿದೆ. "ಸರ್, ನಿಮ್ಮನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ. ನೀವು ಒಳ್ಳೆಯವರು ಅಂತ ಗೊತ್ತಿತ್ತು, ಅದಕ್ಕೇ ಇನ್ನೂ ಆಗ್ತಿರಲಿಲ್ಲ." ಅದಕ್ಕೂ ತಲೆ ವಾಲಿಸಿದರು. ಬದುಕಿರುವವರಲ್ಲಿ ಎಷ್ಟು ಜನ ಹಾಗೆ ಕೇಳಿಸಿಕೊಳ್ಳುತ್ತಾರೆ?

ಏಳನೆಯ ದಿನದಿಂದ ನನಗೆ ಊಟ ಸೇರಲಿಲ್ಲ. ಇವರು ಹೋದರೆ ಮತ್ತೆ ಯಾರು? ನಾನು ಸತ್ತರೆ ಕಳಿಸಲು ಇಪ್ಪತ್ತೇಳನೆಯ ಸಾಲಿನಲ್ಲಿ ಇನ್ನೊಂದು ಹೆಸರಿಲ್ಲ. ಅದು ಹೋಗಲಿ, ಈಟಿಯ ನೋವು ಸತ್ತ ಮೇಲೆ ತಿಳಿಯುವುದಿಲ್ಲವಂತೆ. ಅಲ್ಲಿಯವರೆಗಿನ ದಿನಗಳನ್ನು ಏನು ಮಾಡುವುದು? ಮಾತು ಮತ್ತೆ ಒಂದೊಂದಾಗಿ ಕಳೆದುಹೋಗುವುದನ್ನು ಕಾಯುತ್ತ ಕೂರುವುದೇ?

ಒಂಬತ್ತನೆಯ ದಿನ ಮಧ್ಯಾಹ್ನ ಇಳಿತ. ಮಿರೇಲಾ ಮತ್ತು ಇಬ್ಬರು ಈಟಿಯವರು ದಡದಲ್ಲಿ ನಿಂತರು, ಅದು ಪದ್ಧತಿ. ನಾನು ಅವರ ಕೈ ಹಿಡಿದು ಕಲ್ಲುದಾರಿಯಲ್ಲಿ ನಡೆಸಿಕೊಂಡು ಹೋದೆ. ಪಾಚಿ ಇದ್ದ ಕಡೆಯಲ್ಲೆಲ್ಲ "ಹಗೂರಕ್ಕ ಬರ್ರಿ" ಎಂದೆ, ಸತ್ತವರು ಜಾರಿ ಬಿದ್ದರೆ ಏನಾಗುತ್ತದೆ ಎಂದು ನನಗೇ ತಿಳಿಯದು. ದಿಬ್ಬದ ತುದಿಯಲ್ಲಿ ನಿಲ್ಲಿಸಿ, ಕೋಟಿನ ಗುಂಡಿ ಹಾಕಿ, ಹೇಳಬೇಕಾದ್ದನ್ನು ಹೇಳಿದೆ. "ಹೋಗಿ ಬರ್ರಿ, ಸರ." ಅವರು ನಡೆದರು. ನೀರು ಮೊಣಕಾಲಿಗೆ, ಸೊಂಟಕ್ಕೆ, ಹೆಗಲಿಗೆ ಬಂತು. ಆಮೇಲೆ ಬರೀ ನೀರು. ದಡಕ್ಕೆ ಬಂದಾಗ ಮಿರೇಲಾ ನನ್ನ ಭುಜ ತಟ್ಟಿ ಹೊಗೆಯಾಡಿಸಿದ ಮೀನಿನ ಕಟ್ಟು ಕೊಟ್ಟಳು. ಕಳಿಸಿದವರಿಗೆ ಕೊಡುವ ಮರ್ಯಾದೆ ಅದು.

ಮರುದಿನ ಇಳಿತದ ಹೊತ್ತಿಗೆ ಮೀನಿನವರು ಕೂಗಿಕೊಂಡರು. ಓಡಿ ಹೋಗಿ ನೋಡಿದರೆ ನೀರಿನಿಂದ ಹೊಂಬಳ ಸರ್ ನಡೆದು ಬರುತ್ತಿದ್ದಾರೆ. ಹೆಗಲ ಮೇಲೆ ಪಾಚಿ, ಗಡ್ಡದಲ್ಲಿ ಮರಳು. ದಿಬ್ಬ ಹತ್ತಿ, ನಾನು ನಿಲ್ಲಿಸಿದ್ದ ಜಾಗಕ್ಕೇ ಬಂದು ನಿಂತರು. ಊರಿಗೆ ಊರೇ ದಡದಲ್ಲಿ ಸೇರಿತು. ಹೋದವರು ಯಾರೂ ಇಲ್ಲಿಯವರೆಗೆ ಹಿಂದಿರುಗಿದ್ದಿಲ್ಲ.

ಮಿರೇಲಾ ನನ್ನನ್ನು ಪಕ್ಕಕ್ಕೆ ಕರೆದಳು. "ಏನೆಂದು ಹೇಳಿದೆ?" ಅವಳ ಭಾಷೆಯಲ್ಲಿ ಬಿಡಿಸಿ ಹೇಳಿದೆ. "ಹೋಗು ಅಂದೆ ಸರಿ. ಬಾ ಅಂತ ಯಾಕೆ ಹೇಳಿದೆ?" ಎಂದಳು. "ನಮ್ಮಲ್ಲಿ ಬರೀ ಹೋಗು ಅನ್ನುವುದಿಲ್ಲ. ಮನೆಯಿಂದ ಹೊರಟವರಿಗೆ ಹಾಗೆ ಹೇಳಬಾರದು. ಹೋಗಿ ಬಾ ಅನ್ನಬೇಕು. ಹೊರಡುವವರೂ ಬರುತ್ತೇನೆ ಎನ್ನುತ್ತಾರೆ, ಹೋಗುತ್ತೇನೆ ಎನ್ನುವುದಿಲ್ಲ." "ಎಲ್ಲರೂ?" "ಎಲ್ಲರೂ. ಬಾಯಿ ತಪ್ಪಿ ಬಂತು." ಅವಳು ಸಮುದ್ರದ ಕಡೆ ತಿರುಗಿದಳು. "ನನ್ನ ಅಮ್ಮನನ್ನು ನಾನೇ ಕಳಿಸಿದೆ. ನಮ್ಮಲ್ಲಿರುವುದು ಒಂದೇ ಚಿಕ್ಕ ಮಾತು, ಹೋಗು. ಅದನ್ನು ಹೇಳಿದೆ" ಎಂದಳು. ಆಮೇಲೆ ಗಟ್ಟಿಯಾಗಿ, "ಇವತ್ತಿಗೆ ಹತ್ತನೆಯ ದಿನ. ಗಡುವು ಮೀರಿದೆ, ಇವನ ಕಿವಿಯಲ್ಲಿ ಉಳಿದಿರುವುದು ಸಂಜೆವರೆಗೂ ಇರುವುದಿಲ್ಲ. ಈ ಇಳಿತ ಮುಗಿಯುವಷ್ಟರಲ್ಲಿ ಸರಿಯಾಗಿ ಕಳಿಸು. ಇಲ್ಲದಿದ್ದರೆ ಅವರು ಬರುತ್ತಾರೆ" ಎಂದು ಈಟಿಯವರ ಕಡೆ ನೋಡಿದಳು. ಆಕೆ ಕೆಟ್ಟವಳಲ್ಲ. ದಡದಲ್ಲಿ ಮಕ್ಕಳು ಮರಿಗಳೆಲ್ಲ ಇದ್ದರು.

ಬಾಯಿ ತಪ್ಪಿತೆಂದು ಅವಳಿಗೆ ಹೇಳಿದೆ. ನಿಮಗೆ ನಿಜ ಹೇಳುತ್ತೇನೆ. ಬಾಯಿ ತಪ್ಪಿದ್ದು ಹೌದು. ಆದರೆ ತಪ್ಪಿದ್ದು ಆ ಕ್ಷಣವೇ ತಿಳಿಯಿತು. ಅವರು ಸೊಂಟದ ನೀರಿನಲ್ಲಿದ್ದಾಗಲೇ ಕೂಗಿ ತಿದ್ದಬಹುದಿತ್ತು, ಪ್ರಾಂಪ್ಟರ್‌ಗೆ ಅಷ್ಟು ಗೊತ್ತಿಲ್ಲವೇ? ತಿದ್ದಲಿಲ್ಲ. ರಾತ್ರಿಯೆಲ್ಲ ಬರುತ್ತಾರೆ, ಬರುತ್ತಾರೆ ಎಂದು ಮಲಗಿದ್ದೆ.

ಮತ್ತೆ ದಿಬ್ಬಕ್ಕೆ ಹೋದೆ. ಕರೆದರೆ ತಲೆ ವಾಲಿತು, ಆದರೆ ತಡವಾಗಿ. ಅವರ ಹೆಗಲಿನ ಪಾಚಿ ತೆಗೆದು, ಸಮುದ್ರದ ಕಡೆ ತಿರುಗಿಸಿ, "ಹೋಗ್ರಿ" ಎಂದೆ. ಅವರು ನಿಂತೇ ಇದ್ದರು. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ಕೂಗಿದೆ. "ಹೋಗ್ರಿ ಅಂದ್ನಲ್ಲ, ಹೋಗ್ರಿ!" ಮನೆ ಬಾಗಿಲಿಗೆ ಬಂದವರನ್ನು ಅಟ್ಟುವ ಹಾಗೆ ಕೇಳಿಸಿತು ನನಗೇ. ನಿರ್ದೇಶಕರು ಬೈದಾಗ ಮಾಡುತ್ತಿದ್ದಂತೆ ಗದ್ದ ಸ್ವಲ್ಪ ಕೆಳಗೆ ಮಾಡಿಕೊಂಡು ನಿಂತರು. ಅವರ ತಪ್ಪಲ್ಲ. ಮನಸ್ಸಿನಲ್ಲಿ ಇಲ್ಲದ್ದನ್ನು ಹೇಳುತ್ತಿದ್ದವಳು ನಾನು. ಅವರು ಹೋಗಲಿ ಎಂದು ನನ್ನೊಳಗೆ ಯಾವ ಮೂಲೆಯಲ್ಲೂ ಇರಲಿಲ್ಲ. ಹಿಂದೆ ಕಲ್ಲುದಾರಿಯ ಮೇಲೆ ಬೂಟಿನ ಸದ್ದು ಶುರುವಾಯಿತು. ದಿಬ್ಬದ ಅಂಚನ್ನು ನೀರು ತಿನ್ನತೊಡಗಿತ್ತು.

ಆಗ ಅಜ್ಜಿಯ ಚಿವುಟು ನೆನಪಾಯಿತು. ನನಗೆ ಏಳು ವರ್ಷವಿದ್ದಾಗ, ಸಾವಾದ ಮನೆಯೊಂದರಿಂದ ಹೊರಡುವಾಗ, ಕಲಿಸಿದ ಮರ್ಯಾದೆಯಂತೆ "ಬರ್ತೀವಿ" ಎಂದಿದ್ದೆ. ಅಜ್ಜಿ ತೊಡೆ ಕೆಂಪಾಗುವಂತೆ ಚಿವುಟಿದ್ದಳು. ಸಾವಿನ ಮನೆಯಿಂದ ಯಾರೂ ಹೇಳಿ ಹೊರಡುವುದಿಲ್ಲ. ಎದ್ದು ಸುಮ್ಮನೆ ಹೋಗಬೇಕು. ಒಂಬತ್ತು ದಿನದಿಂದ ಸಾವಿನ ಮನೆಯಲ್ಲೇ ಇದ್ದೇನೆ, ನನಗದು ಹೊಳೆದೇ ಇರಲಿಲ್ಲ. ಅಲ್ಲಿ ಹೋಗೆಂದು ಯಾರಿಗೂ ಹೇಳಬೇಕಾಗಿಲ್ಲ. ಹೊರಡಬೇಕಾದವಳು ನಾನು.

ಈಟಿಯವರಿಗೆ ಕೈ ಎತ್ತಿ ತೋರಿಸಿದೆ. ಅವರು ನಿಂತರು. "ಕುಂದರ್ರಿ, ಸರ" ಎಂದೆ. ಇದು ಮನಸ್ಸಿನಿಂದ ಬಂದ ಮಾತು, ಇನ್ನೊಂದು ಮಾತು ಕಿವಿಗೆ ಬೀಳದಿದ್ದರೆ ನೀರು ತಲೆ ಮೀರಿದರೂ ಅವರು ಏಳುವುದಿಲ್ಲ. ಅವರು ಮೆಲ್ಲಗೆ, ಮೊಣಕಾಲಿಗೆ ಕೈ ಊರಿ, ಸಮುದ್ರಕ್ಕೆ ಎದುರಾಗಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ನೀರು ಬಂದು ಇಬ್ಬರ ಕಾಲನ್ನೂ ಮುಟ್ಟಿತು. ಬಹಳ ಮಾತಾಡಲಿಲ್ಲ. ನೀರು ತಣ್ಣಗಿದೆ ಎಂದೆ. ಚಪ್ಪಲಿ ಬಿಟ್ಟು ಬಂದೆ ಎಂದೆ. ಕುರಿಗಳು ನಿಮ್ಮ ಮಾತು ಕೇಳುತ್ತಿದ್ದವೇ ಎಂದು ಕೇಳಿದೆ. ತಲೆ ವಾಲಿತು, ತುಂಬ ತಡವಾಗಿ, ಸ್ವಲ್ಪವೇ ಸ್ವಲ್ಪ.

ಆಮೇಲೆ ಎದ್ದೆ. ಸೀರೆಯ ನೆರಿಗೆ ಕೊಡವುವ ಹಾಗೆ ಲಂಗ ಕೊಡವಿದೆ, ಇಲ್ಲಿ ಸೀರೆ ಎಲ್ಲಿ. ಅವರು ನನ್ನ ಕಡೆ ನೋಡಲಿಲ್ಲ, ಕಿವಿ ಮಾತ್ರ ನನ್ನ ಕಡೆಗಿತ್ತು. ಬರ್ತೀನಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಂದಿದ್ದರೆ ಮನಸಾರೆಯೇ ಅನ್ನುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿದ್ದರು, ನೀರಿನಡಿಯಲ್ಲಿ ಕೂತು ನನ್ನನ್ನು ಕಾಯುತ್ತಿದ್ದರು. ಹಲ್ಲು ಕಚ್ಚಿ ತಿರುಗಿದೆ. ಪಾಚಿಯ ಮೇಲೆ ಕಾಲು ಜಾರಿದಾಗಲೂ ಅಯ್ಯೋ ಎನ್ನಲಿಲ್ಲ. ಒಂಬತ್ತು ವರ್ಷ ಮಾತಿಗೊಬ್ಬರಿಲ್ಲವೆಂದು ಅತ್ತವಳು, ಕೇಳಲು ಒಬ್ಬರು ಕೂತಿರುವಾಗಲೇ ಬಾಯಿ ಬಿಗಿದುಕೊಂಡು ದಡದವರೆಗೂ ನಡೆದೆ.